ಅತ್ತೆ ಕೈಯಾರೆ ತಿನ್ನಿಸಿದ ಎಲ್ಕ್ ಈಗ ಬಾಗಿಲಿಗೇ ಬರುತ್ತಿದೆ. ಏನು ಮಾಡಲಿ?

ಎವರ್‌ಗ್ರೀನ್_ಸೊಸೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವಿರುವುದು ಕೊಲೊರಾಡೋದ ಎವರ್‌ಗ್ರೀನ್‌ನಲ್ಲಿ. ಡೆನ್ವರ್‌ನಿಂದ ಪಶ್ಚಿಮಕ್ಕೆ ಬೆಟ್ಟ ಹತ್ತಬೇಕು, ಏಳು ಸಾವಿರ ಅಡಿ ಎತ್ತರದ ಊರು. ನಮ್ಮ ಕಡೆ ಬೀದಿಯಲ್ಲಿ ದನ ಓಡಾಡುವ ಹಾಗೆ ಇಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಓಡಾಡುತ್ತವೆ. ಕೆರೆ ಪಕ್ಕದ ಗಾಲ್ಫ್ ಮೈದಾನದಲ್ಲಿ ಹಿಂಡುಗಟ್ಟಿ ಮಲಗಿರುತ್ತವೆ.

ಫೆಬ್ರವರಿಯಲ್ಲಿ ಅತ್ತೆ ಅರಸೀಕೆರೆ ಕಡೆಯ ಹಳ್ಳಿಯಿಂದ ಬಂದರು. ಜೀವನವೆಲ್ಲ ಹಸು ಎಮ್ಮೆ ಕಟ್ಟಿದವರು. ಇಲ್ಲಿ ನಾವಿಬ್ಬರೂ ಕೆಲಸಕ್ಕೆ, ಮಗಳು ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ. ಹಿಮ ಬಿದ್ದ ಒಂದು ಬೆಳಗ್ಗೆ ಹಿತ್ತಲಿಗೆ ಒಂದು ಹೆಣ್ಣು ಎಲ್ಕ್ ಬಂತು. ಅತ್ತೆ ಸೇಬಿನ ಸಿಪ್ಪೆ ಎಸೆದರು. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಬಂತು. ಹತ್ತು ದಿನ ಕಳೆಯುವಷ್ಟರಲ್ಲಿ ಕೈಯಿಂದಲೇ ತಿನ್ನತೊಡಗಿತು. ಅತ್ತೆ ಅದಕ್ಕೆ ಗೌರಿ ಎಂದು ಹೆಸರಿಟ್ಟರು. ಸೇಬು ಆಯಿತು, ಕ್ಯಾರೆಟ್ ಆಯಿತು, ಆಮೇಲೆ ಮಿಕ್ಕ ಚಪಾತಿ, ನೆನೆಸಿದ ಜೋಳ.

ನಾನೂ ತಿನ್ನಿಸಿದ್ದೇನೆ, ಸುಳ್ಳು ಹೇಳುವುದಿಲ್ಲ. ಅಂಗೈಗೆ ಆ ಬಿಸಿ ಉಸಿರು ತಾಗಿದರೆ ಬೇರೆ ಯಾವುದೂ ನೆನಪಿಗೆ ಬರುವುದಿಲ್ಲ. ಹಸುವಿನ ಹಾಗೆಯೇ ಮೇಲೆ ಮುಂದಿನ ಹಲ್ಲಿಲ್ಲ. ನಡೆಯುವಾಗ ಕಾಲಿನ ಗೆಣ್ಣಿನಿಂದ ಟಕ್ ಟಕ್ ಎಂದು ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ಸಾಕು, ಮಗಳು ಓಡುತ್ತಾಳೆ.

ಕಳೆದ ಶನಿವಾರ ಮಗಳು ಬರಿಗೈಯಲ್ಲಿ ಹೊರಗೆ ಹೋದಳು. ಆರು ವರ್ಷ. ಗೌರಿ ಹತ್ತಿರ ಬಂತು. ಇವಳು ಕೈ ಬಿಡಿಸಿ 'ಏನಿಲ್ಲ' ಎಂದು ತೋರಿಸಿದಳು. ಅದು ಕಿವಿ ಹಿಂದಕ್ಕೆ ಮಡಚಿತು, ಮುಂಗಾಲು ಎತ್ತಿ ಬಡಿಯಿತು. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎರಡು ತುಂಡಾಯಿತು. ಮಗಳಿಗೆ ಏನೂ ಆಗಲಿಲ್ಲ. ಆದರೆ ಆ ಕುರ್ಚಿ ನೋಡಿದಾಗೆಲ್ಲ ನನ್ನ ಕೈಕಾಲು ನಡುಗುತ್ತವೆ.

ನಿಲ್ಲಿಸೋಣ ಅಂದರೆ ಅತ್ತೆಗೆ ತುಂಬಾ ಬೇಜಾರು. 'ಬಾಯಿಲ್ಲದ ಜೀವ, ನನ್ನ ನಂಬಿ ಬರುತ್ತದೆ' ಎನ್ನುತ್ತಾರೆ. ಎರಡು ದಿನದಿಂದ ಮಾತೇ ಕಡಿಮೆ. ನನ್ನ ಪ್ರಶ್ನೆಗಳು: ಒಮ್ಮೆಲೇ ನಿಲ್ಲಿಸಿದರೆ ಅದು ಹಸಿವಿನಿಂದ ಸಾಯುತ್ತದಾ? ವನ್ಯಜೀವಿ ಇಲಾಖೆಗೆ ಹೇಳಿದರೆ ಅದನ್ನು ಕೊಲ್ಲುತ್ತಾರಾ? ಅತ್ತೆಗೆ ನೋವಾಗದ ಹಾಗೆ ಹೇಗೆ ಹೇಳಲಿ?

ಡೆನ್ವರ್_ದಾವಣಗೆರೆ:
ಅಕ್ಕ, ಇವತ್ತೇ ನಿಲ್ಲಿಸಿ. ನಾಳೆ ಅಲ್ಲ. ಕೊಲೊರಾಡೋದಲ್ಲಿ ಎಲ್ಕ್, ಜಿಂಕೆ, ಕರಡಿಗೆ ತಿನ್ನಿಸುವುದು ಕಾನೂನಿಗೆ ವಿರುದ್ಧ. ನಿಮ್ಮ ಸ್ವಂತ ಹಿತ್ತಲಾದರೂ ಅಷ್ಟೇ. ಇನ್ನೊಂದು ಮಾತು, ಈಗ ಮೇ ತಿಂಗಳು. ಇನ್ನೇನು ಮರಿ ಹಾಕುವ ಕಾಲ. 2024ರಲ್ಲಿ ಎಸ್ಟೆಸ್ ಪಾರ್ಕ್ ಎಂಬ ಊರಿನಲ್ಲಿ ಒಂದೇ ವಾರದೊಳಗೆ ಇಬ್ಬರು ಮಕ್ಕಳ ಮೇಲೆ ಹೆಣ್ಣು ಎಲ್ಕ್ ನುಗ್ಗಿತ್ತು. ಒಬ್ಬಳಿಗೆ ಎಂಟು ವರ್ಷ, ಸೈಕಲ್ ಹೊಡೆಯುತ್ತಿದ್ದಳು. ಇನ್ನೊಬ್ಬನಿಗೆ ನಾಲ್ಕು, ಆಟದ ಮೈದಾನದಲ್ಲಿದ್ದ. ಆ ಮಕ್ಕಳು ಏನೂ ತಿನ್ನಿಸಿರಲಿಲ್ಲ. ಹತ್ತಿರದಲ್ಲಿ ಮರಿ ಇತ್ತು, ಅಷ್ಟೇ.

ತೆಂಗಿನ_ತೋಟ:
ಎಲ್ಕ್ ಅಂದರೆ ನಮ್ಮ ಕಡವೆ ಅಲ್ವಾ?

ಗುಂಡ್ಲುಪೇಟೆ_ನಿವೃತ್ತ:
ಅಲ್ಲ ಸ್ವಾಮಿ. ಕಡವೆ ಬೇರೆ, ಎಲ್ಕ್ ಬೇರೆ. ಎರಡೂ ಜಿಂಕೆಯ ಬಳಗವೇ, ಎರಡಕ್ಕೂ ವರ್ಷ ವರ್ಷ ಕೊಂಬು ಉದುರಿ ಹೊಸದು ಬರುತ್ತದೆ. ಕಡವೆಯ ಕೊಂಬಿಗೆ ಸಾಮಾನ್ಯವಾಗಿ ಮೂರು ಕವಲು. ದೊಡ್ಡ ಎಲ್ಕ್ ಗಂಡಿಗೆ ಒಂದೊಂದು ಕಡೆ ಆರಾರು. ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ಹೆಣ್ಣೇ 220 ಕಿಲೋ ಆಸುಪಾಸು ಇರುತ್ತದೆ. ಆ ಹುಡುಗಿಯ ಮುಂದೆ ನಿಂತಿದ್ದು ಒಂದು ಹಸುವಿನ ತೂಕ ಎಂದು ಲೆಕ್ಕ ಹಾಕಿ.

ನಿಮ್ಮ ಗೊಂದಲಕ್ಕೂ ಕಾರಣ ಇದೆ. ಸಿಲೋನಿನಲ್ಲಿದ್ದ ಬ್ರಿಟಿಷರು ಕಡವೆಯನ್ನೇ ಎಲ್ಕ್ ಎಂದು ಕರೆದರು. ಹಳೆಯ ಶಿಕಾರಿ ಬರಹಗಳಲ್ಲಿ ಅದೇ ಹೆಸರಿದೆ. ಅಮೆರಿಕದ ಮೂಲನಿವಾಸಿಗಳಾದ ಶಾನಿ ಜನ ಈ ಪ್ರಾಣಿಗೆ ಇಟ್ಟ ಹೆಸರು ವಾಪಿಟಿ. ಬಿಳಿ ಹಿಂಭಾಗದ್ದು ಎಂದರ್ಥ. ಅದೇ ಸರಿಯಾದ ಹೆಸರು ಎಂದು ನನ್ನ ಅಭಿಪ್ರಾಯ.

ಗೋಥೆನ್‌ಬರ್ಗ್_ಗೆಳೆಯ:
ಯುರೋಪಿನಲ್ಲಿ ಇನ್ನೂ ಗೊಂದಲ. ಇಲ್ಲಿ ಎಲ್ಕ್ ಎಂದರೆ ಮೂಸ್ ಎಂಬ ಇನ್ನೂ ದೊಡ್ಡ ಜಿಂಕೆ, ಸ್ವೀಡಿಷ್‌ನಲ್ಲಿ ಎಲ್ಯ್ ಎನ್ನುತ್ತಾರೆ. ಸೇಬಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. 2011ರಲ್ಲಿ ನಮ್ಮ ಊರಿನ ಹತ್ತಿರ ಸಾರೋ ಎಂಬಲ್ಲಿ ಒಂದು ಮೂಸ್ ಸೇಬಿನ ಆಸೆಗೆ ಮರಕ್ಕೆ ಕಾಲು ಹಾಕಿ ಕೊಂಬೆಗಳ ನಡುವೆ ಸಿಕ್ಕಿಕೊಂಡಿತ್ತು. ಅಗ್ನಿಶಾಮಕ ದಳದವರು ಬಂದು ಬಿಡಿಸಬೇಕಾಯಿತು. ಶರತ್ಕಾಲದಲ್ಲಿ ಉದುರಿದ ಸೇಬು ಹುಳಿ ಬರುವ ಮೊದಲೇ ಗುಡಿಸಿ ತೆಗೆಯಿರಿ ಎಂದು ಇಲ್ಲಿ ಎಲ್ಲರಿಗೂ ಹೇಳುತ್ತಾರೆ. ಸೇಬಿನ ರುಚಿ ಹತ್ತಿದರೆ ಈ ಪ್ರಾಣಿಗಳು ಬಿಡುವುದಿಲ್ಲ.

ಧಾರವಾಡ_ಮಳೆ:
ನನಗೆ ಇಲ್ಲಿಯ ಮಾತು ಸರಿ ಕಾಣಲಿಲ್ಲ. ಏನ್ರೀ ಇದು, ಒಬ್ಬ ವಯಸ್ಸಾದ ತಾಯಿ ಚಳಿಯಲ್ಲಿ ಹಸಿದು ಬಂದ ಪ್ರಾಣಿಗೆ ಎರಡು ಹಣ್ಣು ಕೊಟ್ಟರೆ ಅಪರಾಧವಾ? ಊಟಕ್ಕೆ ಮುಂಚೆ ಗೋಗ್ರಾಸ ತೆಗೆದಿಡುವ ಮನೆಯಲ್ಲಿ ಬೆಳೆದವರು ನಾವು. ಅವರ ಕಾಡು ಕಡಿದು ಮನೆ ಕಟ್ಟಿಕೊಂಡವರು ಯಾರು? ಗಾಲ್ಫ್ ಮೈದಾನ ಮಾಡಿದವರು ಯಾರು? ಜಾಗ ಕಿತ್ತುಕೊಂಡ ಮೇಲೆ ಒಂದು ಹಿಡಿ ಜೋಳ ಕೊಡುವುದು ಋಣ ತೀರಿಸಿದ ಹಾಗೆ. ಮಗುವನ್ನು ಒಳಗಿಟ್ಟುಕೊಳ್ಳಿ, ಅತ್ತೆಯನ್ನು ತಡೆಯಬೇಡಿ.

ಹಾಸನ_ಪಶುವೈದ್ಯ:
ಧಾರವಾಡದವರೇ, ನಿಮ್ಮ ಮನಸ್ಸು ಒಳ್ಳೆಯದು. ಆದರೆ ಆ ಒಂದು ಹಿಡಿ ಜೋಳದ ಬಗ್ಗೆಯೇ ನಾನು ಹೇಳಬೇಕು.

ನಮ್ಮ ಜಿಲ್ಲೆಯಲ್ಲಿ ಮದುವೆ ಸೀಸನ್ ಬಂತೆಂದರೆ ನನಗೆ ರಾತ್ರಿ ಫೋನ್ ಜಾಸ್ತಿ. ಮಿಕ್ಕ ಅನ್ನವನ್ನು ಪ್ರೀತಿಯಿಂದ ಹಸುವಿಗೆ ಸುರಿದಿರುತ್ತಾರೆ. ಹಸು ಚಪ್ಪರಿಸಿ ತಿಂದಿರುತ್ತದೆ. ಬೆಳಗಾಗುವಷ್ಟರಲ್ಲಿ ಮೆಲುಕು ನಿಂತಿರುತ್ತದೆ, ಹಲ್ಲು ಕಡಿಯುತ್ತಿರುತ್ತದೆ, ಏಳುವುದಿಲ್ಲ. ಹುಲ್ಲು ಕರಗಿಸುವ ಸಣ್ಣ ಜೀವಿಗಳು ಅದರ ಹೊಟ್ಟೆಯ ಮೊದಲ ಚೀಲದಲ್ಲಿ ಇರುತ್ತವೆ. ಒಮ್ಮೆಲೇ ಪಿಷ್ಟ ಬಿದ್ದರೆ ಬೇರೆ ಜಾತಿಯವು ಹೆಚ್ಚಿ ಹುಳಿ ಏರಿಸುತ್ತವೆ. ಆ ಹುಳಿ ರಕ್ತಕ್ಕೂ ಸೇರುತ್ತದೆ. ಎಷ್ಟೋ ಹಸು ಉಳಿಸಲು ಆಗಿಲ್ಲ.

ಎಲ್ಕ್ ಕೂಡ ಮೆಲುಕು ಹಾಕುವ ಪ್ರಾಣಿ. ಚಳಿಗಾಲದಲ್ಲಿ ಒಣ ಹುಲ್ಲು, ಕಡ್ಡಿ, ಮರದ ತೊಗಟೆಗೆ ಹೊಟ್ಟೆಯನ್ನು ಒಗ್ಗಿಸಿಕೊಂಡಿರುತ್ತದೆ. ಆಗ ಜೋಳ, ಚಪಾತಿ ಹಾಕಿದರೆ ಹೊಟ್ಟೆ ತುಂಬಿಯೇ ಸಾಯಬಹುದು. ಗೌರಿ ಬದುಕಿರುವುದು ಪುಣ್ಯ.

ಸೊಸೆಯವರೇ, ನಿಮ್ಮ ಅತ್ತೆ ಹಸು ಕಟ್ಟಿದವರು ಅಂದಿರಿ. ಕಾನೂನು, ದಂಡ ಇವೆಲ್ಲ ಹೇಳಬೇಡಿ. ಎರಡೇ ಪ್ರಶ್ನೆ ಕೇಳಿ. ಮದುವೆ ಮನೆಯ ಅನ್ನ ತಿಂದ ಹಸು ನೋಡಿದ್ದೀರಾ? ಆಗತಾನೆ ಕರು ಹಾಕಿದ ಹಸುವಿನ ಹತ್ತಿರ ಮಗುವನ್ನು ಬಿಡುತ್ತೀರಾ?

ಮೈಸೂರು_ಮಲ್ಲಿಗೆವನ:
ಡಾಕ್ಟ್ರೇ, ಇದನ್ನು ಪ್ರತ್ಯೇಕವಾಗಿ ಬರೆದು ಎಲ್ಲ ಕಲ್ಯಾಣ ಮಂಟಪದ ಗೋಡೆಗೂ ಅಂಟಿಸಬೇಕು.

ಧಾರವಾಡ_ಮಳೆ:
ಡಾಕ್ಟರ್ ಹೇಳಿದ್ದು ಜೋಳಕ್ಕೆ ಸರಿ, ಒಪ್ಪಿದೆ. ಹಾಗಾದರೆ ಹುಲ್ಲು ಹಾಕಲಿ. ವಯೋಮಿಂಗ್‌ನ ಜಾಕ್ಸನ್‌ನಲ್ಲಿ ಸರ್ಕಾರವೇ ಸಾವಿರಾರು ಎಲ್ಕ್‌ಗಳಿಗೆ ಚಳಿಗಾಲದಲ್ಲಿ ಮೇವು ಹಾಕುತ್ತದೆ. ನಾನು ಮಗನ ಜೊತೆ ಹೋಗಿ ಕುದುರೆ ಎಳೆಯುವ ಜಾರುಬಂಡಿಯಲ್ಲಿ ಕೂತು ನೋಡಿ ಬಂದಿದ್ದೇನೆ. ಸರ್ಕಾರ ಮಾಡಿದರೆ ಸರಿ, ಅತ್ತೆ ಮಾಡಿದರೆ ತಪ್ಪಾ?

ಫೋರ್ಟ್‌ಕಾಲಿನ್ಸ್_ವಿದ್ಯಾರ್ಥಿನಿ:
ಅಂಕಲ್, ಜಾಕ್ಸನ್‌ನ ಉದಾಹರಣೆ ಎಲ್ಲರೂ ಕೊಡುತ್ತಾರೆ, ಅದರ ಹಿಂದಿನ ಕಥೆ ಹೇಳುತ್ತೇನೆ. ಆ ಎಲ್ಕ್ ಆಶ್ರಯತಾಣ ಶುರುವಾದದ್ದು 1912ರಲ್ಲಿ. ಊರು, ಹುಲ್ಲುಗಾವಲು, ಬೇಲಿ ಎಲ್ಲ ಸೇರಿ ಚಳಿಗಾಲದ ಮೇವಿನ ಜಾಗ ಮುಚ್ಚಿಹೋಗಿತ್ತು. ಎಲ್ಕ್‌ಗಳು ಗುಂಪುಗುಂಪಾಗಿ ಸತ್ತವು, ಜನರೇ ತಡೆಯಲಾರದೆ ಹುಲ್ಲು ಹಾಕಿದರು. ಅಂದರೆ ನೀವು ಹೇಳಿದ ಋಣದ ಮಾತೇ ಅಲ್ಲಿ ನಡೆದಿದ್ದು. ಅವರು ಹಾಕುವುದು ಕುದುರೆ ಮೆಂತೆ ಸೊಪ್ಪಿನ ಗುಳಿಗೆ, ಜೋಳ ಅಲ್ಲ. ಕೈಯಿಂದ ಯಾರೂ ತಿನ್ನಿಸುವುದಿಲ್ಲ. ಆದರೂ ಈಗ ಅದನ್ನು ಕಡಿಮೆ ಮಾಡಬೇಕು ಎಂಬ ಜಗಳ ಬಹಳ ವರ್ಷದಿಂದ ಇದೆ. ಕಾರಣ ರೋಗ.

ನಾನು ಓದುವ ಊರಿನಲ್ಲೇ 1967ರಲ್ಲಿ ಸಂಶೋಧನೆಗೆ ಸಾಕಿದ್ದ ಜಿಂಕೆಗಳಲ್ಲಿ ಒಂದು ವಿಚಿತ್ರ ಸೊರಗು ರೋಗ ಕಾಣಿಸಿತು. ಮೈ ಕರಗುತ್ತದೆ, ಜೊಲ್ಲು ಸುರಿಯುತ್ತದೆ, ತಲೆ ಜೋತುಬೀಳುತ್ತದೆ, ಸಾಯುತ್ತದೆ. ಮೆದುಳಿನ ಪ್ರೋಟೀನ್ ತಪ್ಪಾಗಿ ಮಡಚಿಕೊಂಡು ಬರುವ ರೋಗ ಅದು, ಪ್ರಿಯಾನ್ ಎನ್ನುತ್ತಾರೆ. 1981ರಲ್ಲಿ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಕಾಡು ಎಲ್ಕ್‌ನಲ್ಲೂ ಸಿಕ್ಕಿತು. ಔಷಧಿ ಇಲ್ಲ. ಜೊಲ್ಲು, ಮೂತ್ರ, ಸಗಣಿಯಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ಬಂದ ಪುರಾವೆ ಇಲ್ಲ. ಆದರೆ ಒಂದೇ ಜಾಗದಲ್ಲಿ ತಿಂಡಿ ಹಾಕಿದರೆ ಹತ್ತು ಎಲ್ಕ್ ಒಂದೇ ಕಡೆ ಮೂತಿ ಇಡುತ್ತವೆ. ಹುಲ್ಲು ಹಾಕಿದರೂ ಅಷ್ಟೇ. ದಯವಿಟ್ಟು ಆ ಸಲಹೆ ಕೊಡಬೇಡಿ.

ಧಾರವಾಡ_ಮಳೆ:
ರೋಗದ ವಿಷಯ ನನಗೆ ಗೊತ್ತಿರಲಿಲ್ಲ ಮಗಳೇ.

ಒಸಾಕಾ_ಕನ್ನಡಿಗ:
ಜಪಾನಿನ ನಾರಾ ಊರಿನ ಜಿಂಕೆಗಳ ಬಗ್ಗೆ ಯಾರೂ ಹೇಳಲಿಲ್ಲ! ಇಲ್ಲಿ ಸಾವಿರಕ್ಕೂ ಮೇಲಿವೆ, ದೇವರ ದೂತರು ಎಂಬ ನಂಬಿಕೆ. ಅವಕ್ಕೆ ಕೊಡಲು ಅಕ್ಕಿ ತವುಡು, ಗೋಧಿ ಹಿಟ್ಟಿನ ಬಿಲ್ಲೆ ಮಾರುತ್ತಾರೆ, ಸಕ್ಕರೆ ಇಲ್ಲ. ತಲೆ ಬಾಗಿಸಿ ಕೇಳುತ್ತವೆ, ಮಕ್ಕಳಿಗೆ ತುಂಬಾ ಖುಷಿ. ಆದರೆ ಬಿಲ್ಲೆ ತೋರಿಸಿ ಕೊಡದೆ ಆಟ ಆಡಿಸಿದರೆ ಕಚ್ಚುತ್ತವೆ, ಗುದ್ದುತ್ತವೆ. ನಿಮ್ಮ ಮಗಳಿಗೆ ಆದದ್ದೂ ಅದೇ. 2019ರಲ್ಲಿ ಸತ್ತ ಜಿಂಕೆಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಉಂಡೆ ಸಿಕ್ಕಿತು, ಒಂದರಲ್ಲಿ ನಾಲ್ಕು ಕಿಲೋಗೂ ಜಾಸ್ತಿ. ಜನ ಬೇರೆ ತಿಂಡಿಯನ್ನು ಕವರ್‌ನಲ್ಲಿ ತಂದು ಕೊಟ್ಟು ಆದದ್ದು ಅದು.

ಗುಂಡ್ಲುಪೇಟೆ_ನಿವೃತ್ತ:
ದೂರದ ನಾರಾ ಏಕೆ, ಬಂಡೀಪುರಕ್ಕೆ ಬನ್ನಿ. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಕೋತಿಗೆ ಚಿಪ್ಸ್, ಜಿಂಕೆಗೆ ಬಿಸ್ಕತ್ತು ಕೊಡುವವರನ್ನು ಓಡಿಸಿ ಓಡಿಸಿ ನನ್ನ ಗಂಟಲು ಹೋಗಿದೆ. ತಾಯಿ ಕೋತಿ ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು ರಸ್ತೆ ದಾಟುತ್ತದೆ, ಆ ಕಡೆ ಇನ್ನೊಂದು ಕಾರು ನಿಂತಿತು ಎಂದು. ಎಷ್ಟನ್ನು ನಾನೇ ಎತ್ತಿ ಬದಿಗೆ ಹಾಕಿದ್ದೇನೆ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ರಸ್ತೆ ಮುಚ್ಚಿರುವುದರಿಂದ ರಾತ್ರಿ ಸಾವು ತಪ್ಪಿತು. ಹಗಲಿನ ಈ ಪ್ರೀತಿಯಿಂದ ಆಗುವ ಸಾವಿಗೆ ಯಾವ ಗೇಟ್ ಹಾಕುವುದು?

ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋದರೆ ಕಾರೇಪಾಳ್ಯ ಚೆಕ್‌ಪೋಸ್ಟ್ ಹತ್ತಿರ ಆನೆಗಳು ಕಬ್ಬಿನ ಲಾರಿಗೆ ಕಾಯುತ್ತವೆ. ಮರಿಯನ್ನೂ ಕರೆತರುತ್ತವೆ. ಮರಿ ಕಲಿಯುವುದು ಕಾಡಿನಲ್ಲಿ ಮೇಯುವುದನ್ನಲ್ಲ, ಲಾರಿ ನಿಲ್ಲಿಸುವುದನ್ನು.

ಬೆಂಗಳೂರು_ಬಸ್‌ಸ್ಟಾಪ್:
ಎಲ್ಲಾ ಸರಿ, ಇಲಾಖೆಗೆ ಹೇಳಿದರೆ ಕೊಲ್ಲುತ್ತಾರಾ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ?

ಡೆನ್ವರ್_ದಾವಣಗೆರೆ:
ಕಷ್ಟದ ಪ್ರಶ್ನೆ, ಅದಕ್ಕೇ ಸುಮ್ನಿದ್ದೆ. ನಿಜ ಹೇಳುತ್ತೇನೆ. ಅಮೆರಿಕದ ಪೂರ್ವ ಭಾಗದ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಎಲ್ಕ್ ಪೂರ್ತಿ ಅಳಿದುಹೋಗಿದ್ದವು. 2001 ಮತ್ತು 2002ರಲ್ಲಿ 52 ಎಲ್ಕ್‌ಗಳನ್ನು ಹೊರಗಿನಿಂದ ತಂದು ಬಿಟ್ಟರು. ಅಷ್ಟು ಕಷ್ಟಪಟ್ಟು ಬೆಳೆಸಿದ ಹಿಂಡು. 2013ರಲ್ಲಿ ಅಲ್ಲಿನ ಒಂದು ಎಳೆಯ ಗಂಡು, ರಸ್ತೆ ಬದಿ ಕೂತಿದ್ದ ಫೋಟೋಗ್ರಾಫರ್ ತಲೆಗೆ ತಲೆ ಕೊಟ್ಟು ತಳ್ಳಿತು. ವಿಡಿಯೋ ಎಲ್ಲ ಕಡೆ ಓಡಾಡಿತು. ಪ್ರವಾಸಿಗರು ತಿನ್ನಿಸಿ ತಿನ್ನಿಸಿ ಅದಕ್ಕೆ ಮನುಷ್ಯರ ಹೆದರಿಕೆ ಹೋಗಿತ್ತು. ಕೊನೆಗೆ ಅದನ್ನು ಕೊಂದರು. ಆ ಫೋಟೋಗ್ರಾಫರ್ ಮನಸ್ಸಿಗೂ ತುಂಬಾ ನೋವಾಗಿತ್ತು.

ಹಾಗೆಂದು ಇಲಾಖೆಯವರು ಕಟುಕರಲ್ಲ. ನಿಮ್ಮ ಹತ್ತಿರದ ಪೈನ್ ಊರಿನ ಕಡೆಯಲ್ಲೇ ಒಂದು ಗಂಡು ಎಲ್ಕ್ ಕುತ್ತಿಗೆಗೆ ಟೈರು ಸಿಕ್ಕಿಸಿಕೊಂಡು ಎರಡು ವರ್ಷ ಓಡಾಡಿತ್ತು. 2021ರ ಅಕ್ಟೋಬರ್‌ನಲ್ಲಿ ಅದಕ್ಕೆ ಮತ್ತು ಬರಿಸಿ ಟೈರು ತೆಗೆದರು. ಟೈರಿನ ಒಳಗಿನ ಉಕ್ಕಿನ ತಂತಿ ಕತ್ತರಿಸಲಾಗದೆ ಕೊಂಬನ್ನೇ ಕತ್ತರಿಸಬೇಕಾಯಿತು. ಕೊಂಬು ಮುಂದಿನ ವರ್ಷ ಬರುತ್ತದೆ ಅಲ್ವಾ. ಗೌರಿಗೆ ಇನ್ನೂ ಕಾಲ ಮಿಂಚಿಲ್ಲ. ಯಾರಿಗೂ ಗಾಯವಾಗುವ ಮೊದಲೇ ಫೋನ್ ಮಾಡಿ ಸಲಹೆ ಕೇಳಿ.

ಎವರ್‌ಗ್ರೀನ್_ಸೊಸೆ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಅಡುಗೆಮನೆಯಲ್ಲಿ ಕೂತು ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಆಶ್ರಯತಾಣ, ಪ್ರಿಯಾನ್ ಬಂದಾಗ ಸುಮ್ಮನೆ ಕೇಳಿದರು. ಡಾಕ್ಟರ್ ಬರೆದದ್ದು ಬಂದಾಗ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟರು. ಆಮೇಲೆ 'ಬರಕೋ' ಎಂದು ಹೇಳಿ ಬರೆಸಿದ್ದು ಇದು:

'ಡಾಕ್ಟ್ರೇ, ನೋಡಿದ್ದೀನಿ. ನನ್ನ ಮೈದುನನ ಮದುವೆಯಲ್ಲಿ ನಮ್ಮ ಕೆಂದ ಹಸು ಹಂಡೆಗೆ ಬಾಯಿ ಹಾಕಿ ಅನ್ನ ತಿಂತು. ನಾನೇ ನೋಡಿ, ತಿನ್ನಲಿ ಪಾಪ ಅಂತ ಬಿಟ್ಟಿದ್ದೆ. ಮೂರನೇ ದಿನ ಹೋಯಿತು. ಹೊಟ್ಟೆಯಲ್ಲಿ ಕರು ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಈ ಗೌರಿಯೂ ಗಬ್ಬ ಇದ್ದಾಳೆ, ಹೊಟ್ಟೆ ನೋಡಿದರೆ ನನಗೆ ಗೊತ್ತಾಗುತ್ತದೆ. ಕರು ಹಾಕಿದ ಹಸು ಕಟ್ಟಿದ ಯಜಮಾನಿಯನ್ನೇ ಹತ್ತಿರ ಸೇರಿಸುವುದಿಲ್ಲ, ಇನ್ನು ಮೊಮ್ಮಗಳನ್ನು ಬಿಡುತ್ತದಾ? ಇದು ನನಗೆ ಹೊಳೆಯಬೇಕಿತ್ತು. ಇಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದುದು ಅದೊಂದೇ. ಅದಕ್ಕೇ ಬಿಡಲು ಮನಸ್ಸು ಬರಲಿಲ್ಲ. ಓಡಿಸುವುದು ಹೇಗೆ ಹೇಳಿ, ಹೊಡೆಯುವುದು ಮಾತ್ರ ಆಗುವುದಿಲ್ಲ.'

ಮೈಸೂರು_ಮಲ್ಲಿಗೆವನ:
ಅಮ್ಮಾ, ಓದಿ ಕಣ್ಣು ತುಂಬಿತು. ಸೊಸೆಯವರೇ, ಅವರಿಗೆ ಮಾತಾಡಲು ಜನ ಬೇಕು. ಡೆನ್ವರ್‌ನಲ್ಲಿ ಕನ್ನಡದವರು ಇದ್ದಾರಲ್ಲ, ವಾರಕ್ಕೆ ಒಂದು ದಿನವಾದರೂ ಕರೆದುಕೊಂಡು ಹೋಗಿ. ಎಲ್ಕ್ ವಿಷಯಕ್ಕಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಡೆನ್ವರ್_ದಾವಣಗೆರೆ:
ನಮ್ಮ ತಾಯಿಯೂ ಇಲ್ಲೇ ಇದ್ದಾರೆ. ಈ ಭಾನುವಾರ ಊಟಕ್ಕೆ ಬನ್ನಿ, ಬೆಣ್ಣೆ ದೋಸೆ ಮಾಡುತ್ತಾರೆ. ಅಮ್ಮನನ್ನು ಖಂಡಿತ ಕರೆತನ್ನಿ.

ಹಾಸನ_ಪಶುವೈದ್ಯ:
ಅಮ್ಮಾ, ಆ ಕೆಂದ ಹಸುವಿನ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆಗ ನಿಮಗೆ ಯಾರೂ ಹೇಳಿರಲಿಲ್ಲ. ಮೇ ತಿಂಗಳಲ್ಲಿ ಹೊಸ ಹುಲ್ಲು ಬಂದಿರುತ್ತದೆ, ನೀವು ನಿಲ್ಲಿಸಿದರೆ ಗೌರಿ ಉಪವಾಸ ಬೀಳುವುದಿಲ್ಲ.

ಬೌಲ್ಡರ್_ಹಿತ್ತಲು:
ಓಡಿಸುವ ಕ್ರಮ ಹೇಳುತ್ತೇನೆ, ಹತ್ತು ವರ್ಷದ ಅನುಭವ. ಹೊರಗೆ ಹೋಗಬೇಡಿ, ಒಳಗಿನಿಂದಲೇ ತಟ್ಟೆ ಬಡಿಯಿರಿ. ಅದು ಬರುವ ಹೊತ್ತು ನಿಮಗೆ ಗೊತ್ತಲ್ಲ, ಆ ಹೊತ್ತಿಗೆ ಸರಿಯಾಗಿ, ಪ್ರತಿದಿನ. ಒಂದು ದಿನ ಬಡಿದು ಇನ್ನೊಂದು ದಿನ ಕರುಣೆ ತೋರಿಸಿದರೆ ಕೆಲಸ ಕೆಟ್ಟಿತು. ಅಲುಗಾಟ ಕಂಡರೆ ತಾನೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಸಿಗುತ್ತದೆ, ಬಾಗಿಲ ಬಳಿ ಇಡಿ. ಹಕ್ಕಿ ಕಾಳಿನ ಡಬ್ಬಿ, ಉಪ್ಪಿನ ಗಡ್ಡೆ ಇದ್ದರೆ ತೆಗೆಯಿರಿ. ಕಾಳಿನ ಡಬ್ಬಿಗೆ ಬೇಸಿಗೆಯಲ್ಲಿ ಕರಡಿಯೂ ಬರುತ್ತದೆ. ಉಯ್ಯಾಲೆ ಹಗ್ಗ, ದೀಪದ ಸರ ಬಿಚ್ಚಿಡಿ, ಗಂಡುಗಳ ಕೊಂಬಿಗೆ ಸುತ್ತಿಕೊಳ್ಳುತ್ತವೆ. ತರಕಾರಿ ಬೆಳೆಯುವುದಾದರೆ ಎಂಟು ಅಡಿ ಬೇಲಿ, ಅದಕ್ಕಿಂತ ಗಿಡ್ಡ ಹಾಕಿದರೆ ದುಡ್ಡು ದಂಡ.

ಮಗಳಿಗೆ ದೂರದ ಲೆಕ್ಕ ಕಲಿಸಿ. ರಾಕಿ ಮೌಂಟನ್ ಉದ್ಯಾನದಲ್ಲಿ ಎಲ್ಕ್‌ಗೆ 75 ಅಡಿ, ಕರಡಿ ಮತ್ತು ಮೂಸ್‌ಗೆ 120 ಅಡಿ ಎನ್ನುತ್ತಾರೆ. ಎಲ್ಕ್‌ಗೆ ಎರಡು ಸ್ಕೂಲ್ ಬಸ್ ಸಾಲಾಗಿ ನಿಲ್ಲಿಸಿದಷ್ಟು ದೂರ ಎಂದರೆ ಅವಳಿಗೆ ಅರ್ಥವಾಗುತ್ತದೆ. ಜೂನ್‌ನಲ್ಲಿ ಪೊದೆ ಕಡೆ ಹೋಗಬಾರದು. ತಾಯಿ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಮೇಯುತ್ತಿರುತ್ತದೆ. ಮರಿ ಅಲುಗಾಡುವುದಿಲ್ಲ, ಕಾಲ ಹತ್ತಿರ ಇದ್ದರೂ ಕಾಣುವುದಿಲ್ಲ. ತಾಯಿ ಎಲ್ಲೋ ಹೋಗಿದೆ, ಮರಿ ಅನಾಥ ಎಂದು ಎತ್ತಿಕೊಂಡು ಬರುವ ಜನ ಪ್ರತಿ ವರ್ಷ ಇರುತ್ತಾರೆ. ದಯವಿಟ್ಟು ಮುಟ್ಟಬೇಡಿ.

ತೆಂಗಿನ_ತೋಟ:
ಎಂಟು ಅಡಿ ಬೇಲಿ ನಮ್ಮ ತೋಟದ ಕಾಡುಹಂದಿಗೆ ಆಗುತ್ತದಾ? ಅವು ಕೆಳಗಿನಿಂದ ತೋಡಿ ಬರುತ್ತವೆ.

ಬೌಲ್ಡರ್_ಹಿತ್ತಲು:
ಹಂದಿಗೆ ಎತ್ತರ ಬೇಡ, ಜಾಲರಿಯನ್ನು ಒಂದೂವರೆ ಅಡಿ ಮಣ್ಣೊಳಗೆ ಹೂಳಬೇಕು. ಬೇರೆ ಚರ್ಚೆ ಶುರು ಮಾಡಿ, ವಿವರವಾಗಿ ಬರೆಯುತ್ತೇನೆ.

ಧಾರವಾಡ_ಮಳೆ:
ತಾಯಿಯವರ ಮಾತು ಓದಿದೆ. ತಡೆಯಬೇಡಿ ಎಂದು ನಾನು ಬರೆದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಆದರೆ ಬೇಸಿಗೆಯಲ್ಲಿ ಹಕ್ಕಿಗೆ ತಾರಸಿ ಮೇಲೆ ನೀರಿಡುವುದನ್ನು ಮಾತ್ರ ನಾನು ಬಿಡುವುದಿಲ್ಲ.

ಹಾಸನ_ಪಶುವೈದ್ಯ:
ಬಿಡಬೇಡಿ. ಪಾತ್ರೆ ಮಾತ್ರ ದಿನಾ ತೊಳೆಯಿರಿ.

ಎವರ್‌ಗ್ರೀನ್_ಸೊಸೆ:
ಐದು ವಾರದ ನಂತರದ ಸುದ್ದಿ. ಮೊದಲ ವಾರ ತುಂಬಾ ಕಷ್ಟವಾಯಿತು. ಗೌರಿ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಬಂದು ಗಾಜಿನ ಬಾಗಿಲಿಗೆ ಮೂತಿ ಒತ್ತಿ ನಿಲ್ಲುತ್ತಿತ್ತು. ಅತ್ತೆಯೇ ತಟ್ಟೆ ಬಡಿದರು, ನಮಗೆ ಬಿಡಲಿಲ್ಲ. ಬಡಿದು ಒಳಗೆ ಹೋಗಿ ಅಳುತ್ತಿದ್ದರು. ಹನ್ನೊಂದನೇ ದಿನ ಅದು ಬರಲಿಲ್ಲ. ಇಲಾಖೆಯವರಿಗೂ ಫೋನ್ ಮಾಡಿದೆವು. ಒಬ್ಬ ಅಧಿಕಾರಿ ಮನೆಗೆ ಬಂದು ಹಿತ್ತಲು ನೋಡಿ, ನಾವು ಮಾಡುತ್ತಿರುವುದೇ ಸರಿ, ಹೀಗೇ ಮುಂದುವರಿಸಿ ಎಂದರು.

ಇವತ್ತು ಬೆಳಗ್ಗೆ ಪೈನ್ ಮರಗಳ ಸಾಲಿನ ಆಚೆ ಒಂದು ಹೆಣ್ಣು ಎಲ್ಕ್ ಕಂಡಿತು, ಪಕ್ಕದಲ್ಲಿ ಚುಕ್ಕೆ ಚುಕ್ಕೆಯ ಮರಿ. ಅತ್ತೆ ಮಹಡಿ ಕಿಟಕಿಯಿಂದ ಅರ್ಧ ಗಂಟೆ ನೋಡಿದರು. 'ಗೌರಿಯೇ. ನಾಲ್ಕೂ ಕಾಲು ಗಟ್ಟಿಯಾಗಿ ಊರಿದೆ ಮರಿ, ಹಾಲು ಚೆನ್ನಾಗಿ ಸಿಗುತ್ತಿದೆ' ಎಂದರು. ಭಾನುವಾರದ ದೋಸೆ ಈಗ ಪ್ರತಿ ವಾರದ ಪದ್ಧತಿಯಾಗಿದೆ, ದಾವಣಗೆರೆಯವರಿಗೆ ವಿಶೇಷ ಧನ್ಯವಾದ.

ಬೆಂಗಳೂರು_ಬಸ್‌ಸ್ಟಾಪ್:
ಫೋಟೋ ಹಾಕಿ!

ಎವರ್‌ಗ್ರೀನ್_ಸೊಸೆ:
ಹಾಕಿದ್ದೇನೆ, ಮೇಲೆ ನೋಡಿ. ದೂರದಿಂದ ತೆಗೆದದ್ದು, ಮರಿ ಸರಿಯಾಗಿ ಕಾಣುವುದಿಲ್ಲ. ಎಡಗಡೆಯಿಂದ ಮೂರನೇ ಮರದ ಬುಡದಲ್ಲಿ ಇದೆ.